ಜೈಲಿಗೆ ಹೋದವರ ಆರೋಗ್ಯ ಮತ್ತು ನ್ಯಾಯ: ಅದು ನಮ್ಮ ಸಂಘದ ಮಾತೂ ಹೌದು



ನಮ್ಮ ಸಂಘಗಳ ವಾರದ ಸಭೆಯಲ್ಲಿ ಉಳಿತಾಯ, ಸಾಲ, ಕಂತು, ರೇಷನ್ ಕಾರ್ಡು, ಮಕ್ಕಳ ಶಾಲೆ, ಬಾಣಂತಿಯರ ಆರೈಕೆ ಹೀಗೆ ನೂರೆಂಟು ವಿಷಯಗಳನ್ನು ಮಾತಾಡುತ್ತೇವೆ. ಆದರೆ ಒಂದು ವಿಷಯ ಬಂದ ಕೂಡಲೇ ಎಲ್ಲರ ದನಿ ಸಣ್ಣದಾಗುತ್ತದೆ. ಅದು ಜೈಲಿನ ವಿಷಯ. ಯಾರದೋ ಮಗ, ಯಾರದೋ ಗಂಡ, ಕೆಲವೊಮ್ಮೆ ಯಾರದೋ ಸೊಸೆ ಜೈಲಿಗೆ ಹೋದರೆ ಆ ಮನೆಯ ಹೆಣ್ಣುಮಗಳು ಮೊದಲು ಬಿಡುವುದು ಸಂಘದ ಸಭೆಯನ್ನು. "ಮಂದಿ ಏನಂತಾರ" ಎಂಬ ಅಂಜಿಕೆ. ಸಭೆ ಬಿಟ್ಟಳು ಅಂದರೆ ಕಂತು ನಿಂತಿತು, ನಾಲ್ಕು ಮಾಹಿತಿ ಸಿಗುವುದು ನಿಂತಿತು, ಧೈರ್ಯ ಹೇಳುವವರೂ ದೂರಾದರು.

ಧಾರವಾಡದಲ್ಲಿ ಕೇಂದ್ರ ಕಾರಾಗೃಹವಿದೆ, ಹುಬ್ಬಳ್ಳಿಯಲ್ಲಿ ಉಪ ಕಾರಾಗೃಹವಿದೆ. ಒಳಗಿರುವವರು ಬೇರೆ ಲೋಕದಿಂದ ಬಂದವರಲ್ಲ. ನಮ್ಮ ನಿಮ್ಮ ಓಣಿಯಿಂದ ಹೋದವರು, ನಾಳೆ ಅದೇ ಓಣಿಗೆ ತಿರುಗಿ ಬರುವವರು. ಅವರಿಗೆ ಒಳಗೆ ಜ್ವರ ಬಂದರೆ ಯಾರು ನೋಡುತ್ತಾರೆ? ಸಕ್ಕರೆ ಕಾಯಿಲೆಯ ಗುಳಿಗೆ ಯಾರು ಕೊಡುತ್ತಾರೆ? ಕೊಡದಿದ್ದರೆ ಯಾರನ್ನು ಕೇಳಬೇಕು? ಈ ಪ್ರಶ್ನೆಗಳಿಗೆ ಕಾನೂನಿನಲ್ಲಿ ಉತ್ತರವಿದೆ. ಅದನ್ನು ಸರಳವಾಗಿ ತಿಳಿದುಕೊಳ್ಳೋಣ.

"ಉಪ್ಪು ತಿಂದವ ನೀರು ಕುಡೀಬೇಕು" ಅಂದರೆ ಸಾಕೇ?

ಜೈಲಿನ ಮಾತು ಬಂದಾಗ ನಾವೆಲ್ಲ ಹೇಳುವ ಗಾದೆ ಇದು. ತಪ್ಪು ಮಾಡಿದವರಿಗೆ ಶಿಕ್ಷೆ ಆಗಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಎರಡು ಸಂಗತಿ ನೆನಪಿಡಬೇಕು.

ಮೊದಲನೆಯದು, ಜೈಲಿನಲ್ಲಿರುವ ಹೆಚ್ಚಿನವರು ಉಪ್ಪು ತಿಂದಿದ್ದಾರೋ ಇಲ್ಲವೋ ಎಂಬುದೇ ಇನ್ನೂ ತೀರ್ಮಾನ ಆಗಿರುವುದಿಲ್ಲ. 2022ರ ಡಿಸೆಂಬರ್ 31ರಂದು ದೇಶದ ಜೈಲುಗಳಲ್ಲಿ ಒಟ್ಟು 5,73,220 ಜನ ಇದ್ದರು ಎಂದು ಸರ್ಕಾರದ ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕ ಕೊಟ್ಟಿದೆ. ಅವರಲ್ಲಿ 4,34,302 ಜನ ವಿಚಾರಣಾಧೀನ ಕೈದಿಗಳು. ಅಂದರೆ ನಾಲ್ವರಲ್ಲಿ ಮೂವರ ಕೇಸು ಇನ್ನೂ ಕೋರ್ಟಿನಲ್ಲಿ ನಡೆಯುತ್ತಿತ್ತು. ಇವರಲ್ಲಿ ಎಷ್ಟೋ ಜನ ಮುಂದೆ ನಿರ್ದೋಷಿ ಎಂದು ಬಿಡುಗಡೆ ಆಗುವವರು. ಜಾಮೀನು ಸಿಕ್ಕರೂ ಜಾಮೀನುದಾರ ಸಿಗದೆ, ಹಣ ಹೊಂದದೆ ಒಳಗೇ ಉಳಿದವರೂ ಇದ್ದಾರೆ.

ಎರಡನೆಯದು, ಶಿಕ್ಷೆ ಕೊಡುವುದು ಕೋರ್ಟು. ಕೋರ್ಟು ಕೊಡುವ ಶಿಕ್ಷೆ ಎಂದರೆ ಇಷ್ಟು ದಿನ ಹೊರಗೆ ತಿರುಗಾಡುವ ಸ್ವಾತಂತ್ರ್ಯ ಇಲ್ಲ ಎಂಬುದು. ಔಷಧ ಇಲ್ಲ, ಹೊಲಸು ನೀರು ಕುಡಿ, ಹೊಡೆತ ತಿನ್ನು ಎಂದು ಯಾವ ನ್ಯಾಯಾಧೀಶರೂ ತೀರ್ಪು ಬರೆಯುವುದಿಲ್ಲ. ಸಂವಿಧಾನದ 21ನೇ ವಿಧಿ ಕೊಟ್ಟ ಬದುಕುವ ಹಕ್ಕು ಜೈಲಿನ ಬಾಗಿಲಲ್ಲಿ ಕಳಚಿ ಇಡುವ ವಸ್ತುವಲ್ಲ ಎಂದು ಸುಪ್ರೀಂ ಕೋರ್ಟು ಮತ್ತೆ ಮತ್ತೆ ಹೇಳಿದೆ.

"ಹಂಗಾದರ ನೊಂದವರ ಗತಿ ಏನು?" ಎಂದು ನಮ್ಮ ಕೆಲವು ಸಹೋದರಿಯರು ಕೇಳಬಹುದು. ನ್ಯಾಯವಾದ ಪ್ರಶ್ನೆ. ನಮ್ಮಲ್ಲೇ ಹೊಡೆತ ತಿಂದವರು, ಮೋಸ ಹೋದವರು ಇದ್ದಾರೆ. ನೊಂದವರಿಗೂ ಉಚಿತ ವಕೀಲರ ನೆರವು, ಸರ್ಕಾರದ ಪರಿಹಾರ ಕೊಡಿಸುವ ಕೆಲಸ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ್ದೇ. ನೊಂದವಳಿಗೆ ನ್ಯಾಯ ಸಿಗುವುದು ಕೇಸು ಸರಿಯಾಗಿ ನಡೆದು ತೀರ್ಪು ಬಂದಾಗ. ಆರೋಪಿ ಔಷಧವಿಲ್ಲದೆ ಒಳಗೇ ಸತ್ತರೆ ತೀರ್ಪೂ ಇಲ್ಲ, ಅವಳಿಗೆ ನ್ಯಾಯವೂ ಇಲ್ಲ.

ಬೆಂಗಳೂರು ಜೈಲಿನಿಂದ ಹೋದ ಒಂದು ಪತ್ರ

ಈ ವಿಷಯದಲ್ಲಿ ಇಡೀ ದೇಶಕ್ಕೆ ದಾರಿ ತೋರಿಸಿದ ಒಂದು ಕೇಸು ನಮ್ಮ ಕರ್ನಾಟಕದ್ದೇ. 1984ರಲ್ಲಿ ಬೆಂಗಳೂರು ಕೇಂದ್ರ ಕಾರಾಗೃಹದ ಒಬ್ಬ ಕೈದಿ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳಿಗೆ ಒಂದು ಪತ್ರ ಬರೆದರು. ದುಡಿಸಿಕೊಳ್ಳುತ್ತಾರೆ, ಕೂಲಿ ಸರಿಯಾಗಿ ಕೊಡುವುದಿಲ್ಲ. ಊಟ ತಿನ್ನುವ ಹಾಗಿಲ್ಲ. ದೈಹಿಕ, ಮಾನಸಿಕ ಹಿಂಸೆ ಇದೆ ಎಂಬುದು ದೂರು. ವಕೀಲರಿಲ್ಲ, ಸ್ಟಾಂಪ್ ಪೇಪರ್ ಇಲ್ಲ. ಬರೀ ಒಂದು ಪತ್ರ. ಕೋರ್ಟು ಅದನ್ನೇ ಅರ್ಜಿ ಎಂದು ತೆಗೆದುಕೊಂಡು ಜಿಲ್ಲಾ ನ್ಯಾಯಾಧೀಶರನ್ನು ಜೈಲಿಗೆ ಕಳಿಸಿ ವರದಿ ತರಿಸಿತು. "ರಾಮಮೂರ್ತಿ ವಿರುದ್ಧ ಕರ್ನಾಟಕ ರಾಜ್ಯ" ಎಂಬ ಹೆಸರಿನ ಈ ಕೇಸಿನ ತೀರ್ಪು 1996ರ ಡಿಸೆಂಬರ್‌ನಲ್ಲಿ ಬಂದಿತು.

ಆ ತೀರ್ಪಿನಲ್ಲಿ ದೇಶದ ಜೈಲುಗಳ ಒಂಬತ್ತು ಸಮಸ್ಯೆಗಳನ್ನು ಎಣಿಸಿ ಹೇಳಿದ್ದಾರೆ: ಕಿಕ್ಕಿರಿದ ಜನ, ವಿಚಾರಣೆಯ ವಿಳಂಬ, ಹಿಂಸೆ, ಆರೋಗ್ಯ ಮತ್ತು ಸ್ವಚ್ಛತೆಯ ಕಡೆಗಣನೆ, ಸಾಲದ ಊಟ-ಬಟ್ಟೆ, ಒಳಗಿನ ದುಶ್ಚಟಗಳು, ಮನೆಯವರ ಸಂಪರ್ಕದ ಕೊರತೆ, ಭೇಟಿಯ ತೊಂದರೆ, ಬಯಲು ಬಂದೀಖಾನೆಗಳ ನಿರ್ವಹಣೆ.

ಆರೋಗ್ಯದ ಬಗ್ಗೆ ಕೋರ್ಟು ಹೇಳಿದ ಮಾತನ್ನು ನಾವು ಮನಸ್ಸಿಟ್ಟು ಕೇಳಬೇಕು. ಕೈದಿಗೆ ಎರಡು ಕಡೆಯಿಂದ ಪೆಟ್ಟು ಎನ್ನುತ್ತದೆ ಆ ತೀರ್ಪು. ನಮಗೆ ಹುಷಾರಿಲ್ಲದಿದ್ದರೆ ಈ ಡಾಕ್ಟರು ಬೇಡ ಎಂದರೆ ಇನ್ನೊಬ್ಬರ ಕಡೆ ಹೋಗುತ್ತೇವೆ. ಕೈದಿಗೆ ಆ ಅವಕಾಶವಿಲ್ಲ. ಇದು ಒಂದನೇ ಪೆಟ್ಟು. ಜೈಲಿನೊಳಗಿನ ಪರಿಸ್ಥಿತಿಯಿಂದಾಗಿ ರೋಗ ಬರುವ ಸಂಭವವೇ ಹೊರಗಿನವರಿಗಿಂತ ಹೆಚ್ಚು, ಇದು ಎರಡನೆಯದು. ಆದ್ದರಿಂದ ಅವರ ಆರೋಗ್ಯದ ಜವಾಬ್ದಾರಿ ಅವರನ್ನು ಒಳಗಿಟ್ಟ ಸರ್ಕಾರದ್ದು.

ಕೂಲಿಯ ವಿಷಯದಲ್ಲಿ ಇತ್ತೀಚಿನ ವರ್ಷಗಳಲ್ಲಿ ಕರ್ನಾಟಕ ಮುಂದೆ ಬಂದಿದೆ. ಜೈಲಿನಲ್ಲಿ ದುಡಿಯುವ ಸಜಾ ಕೈದಿಗಳ ದಿನಗೂಲಿಯನ್ನು 500 ರೂಪಾಯಿಗೂ ಮೇಲೆ ಏರಿಸಲಾಗಿದೆ. ಆರೋಗ್ಯದ ವಿಷಯದಲ್ಲಿ ಮಾತ್ರ ಮಾಡಬೇಕಾದ ಕೆಲಸ ಇನ್ನೂ ಬಹಳ ಇದೆ.

ಒಳಗೆ ರೋಗ ಬೇಗ ಹರಡುವುದು ಯಾಕೆ?

2022ರ ಲೆಕ್ಕದಂತೆ ದೇಶದ ಜೈಲುಗಳಲ್ಲಿ 100 ಜನರ ಜಾಗದಲ್ಲಿ ಸರಾಸರಿ 131 ಜನ ಇದ್ದರು. ಒಂದೇ ಬ್ಯಾರಕ್ಕಿನಲ್ಲಿ ಒಬ್ಬರ ಮಗ್ಗುಲಿಗೆ ಒಬ್ಬರು ಮಲಗಬೇಕು. ಸಂಜೆ ಬೀಗ ಹಾಕಿದರೆ ಬೆಳಗಿನ ತನಕ ಅದೇ ಗಾಳಿ. ಒಬ್ಬರಿಗೆ ತುರಿಕೆ ಬಂದರೆ ಹಾಸಿಗೆಯಿಂದ ಹಾಸಿಗೆಗೆ ಹೋಗುತ್ತದೆ. ಒಬ್ಬರಿಗೆ ಕ್ಷಯ, ಅಂದರೆ ಟಿ.ಬಿ. ಇದ್ದರೆ ಕೆಮ್ಮಿನ ಮೂಲಕ ಉಳಿದವರಿಗೆ ತಗಲುತ್ತದೆ. ಹೊರಗಿನ ಜನರಿಗಿಂತ ಜೈಲಿನಲ್ಲಿರುವವರಿಗೆ ಕ್ಷಯ ಬರುವುದು ಹಲವು ಪಟ್ಟು ಹೆಚ್ಚು ಎಂದು ತಜ್ಞರು ಕಂಡುಕೊಂಡಿದ್ದಾರೆ. ದಕ್ಷಿಣ ಆಫ್ರಿಕಾದಲ್ಲಿ 27 ವರ್ಷ ಸೆರೆಮನೆಯಲ್ಲಿದ್ದ ನೆಲ್ಸನ್ ಮಂಡೇಲಾ ಅವರಿಗೂ 1988ರಲ್ಲಿ ಕ್ಷಯ ತಗಲಿತ್ತು. ಬೇಗ ಪತ್ತೆಯಾಗಿ ಚಿಕಿತ್ಸೆ ಸಿಕ್ಕಿದ್ದರಿಂದ ಗುಣವಾದರು. ಮುಂದೆ ಆ ದೇಶದ ಅಧ್ಯಕ್ಷರೂ ಆದರು.

ರೋಗ ಗೋಡೆಯೊಳಗೇ ಉಳಿಯುವುದಿಲ್ಲ. ಜೈಲಿನ ಸಿಬ್ಬಂದಿ ದಿನಾ ಮನೆಗೆ ಹೋಗುತ್ತಾರೆ. ಬಿಡುಗಡೆಯಾದವರು ತಮ್ಮ ಮನೆಗೆ, ಸಣ್ಣ ಮಕ್ಕಳ ನಡುವೆ ಬರುತ್ತಾರೆ. ಹಾಗಾಗಿ ಜೈಲಿನ ಆರೋಗ್ಯ ಊರಿನ ಆರೋಗ್ಯವೂ ಹೌದು.

ಇನ್ನೊಂದು ತೊಂದರೆ ಹೊರಗಿನ ಆಸ್ಪತ್ರೆಗೆ ಕರೆದೊಯ್ಯುವುದು. ಜೈಲಿನ ವೈದ್ಯರು ದೊಡ್ಡ ಆಸ್ಪತ್ರೆಗೆ ಹೋಗಲಿ ಎಂದು ಬರೆದುಕೊಟ್ಟರೂ ಪೊಲೀಸ್ ಕಾವಲು ಇಲ್ಲದೆ ಕೈದಿಯನ್ನು ಹೊರಗೆ ಕಳಿಸುವಂತಿಲ್ಲ. ಬಂದೋಬಸ್ತು, ಚುನಾವಣೆ ಎಂದು ಪೊಲೀಸರು ಸಿಗದಿದ್ದರೆ ಆಸ್ಪತ್ರೆಯ ದಿನ ತಪ್ಪುತ್ತದೆ. ಒಂದು ಸಲ ತಪ್ಪಿದರೆ ಮತ್ತೆ ಎಷ್ಟೋ ದಿನ ಕಾಯಬೇಕು. ಗಡ್ಡೆ, ಹೃದಯ, ಮೂತ್ರಪಿಂಡದ ತೊಂದರೆ ಇದ್ದವರಿಗೆ ಈ ಕಾಯುವಿಕೆಯೇ ಜೀವಕ್ಕೆ ಕುತ್ತು.

ಮನಸ್ಸಿನ ಕಾಯಿಲೆಯನ್ನೂ ಮರೆಯಬಾರದು. 2022ರಲ್ಲಿ ದೇಶದ ಜೈಲುಗಳಲ್ಲಿ ಸಹಜವಲ್ಲದ ಕಾರಣಕ್ಕೆ ಸತ್ತ 159 ಜನರಲ್ಲಿ 119 ಜನ ಆತ್ಮಹತ್ಯೆ ಮಾಡಿಕೊಂಡವರು. ನಿದ್ದೆ ಬರುವುದಿಲ್ಲ, ಊಟ ಸೇರುವುದಿಲ್ಲ, ಯಾರ ಜೊತೆಗೂ ಮಾತಿಲ್ಲ ಎಂದರೆ ಅದು ಸೊಕ್ಕಲ್ಲ, ರೋಗದ ಲಕ್ಷಣ ಇರಬಹುದು. ಪ್ರತಿ ರಾಜ್ಯದಲ್ಲಿ ಕನಿಷ್ಠ ಒಂದು ಜೈಲಿನ ಆಸ್ಪತ್ರೆಯಲ್ಲಿ ಮಾನಸಿಕ ಚಿಕಿತ್ಸೆಯ ವ್ಯವಸ್ಥೆ ಇರಲೇಬೇಕು ಎಂದು 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುತ್ತದೆ. ನಮ್ಮ ಧಾರವಾಡದಲ್ಲಿ ಡಿಮ್ಹಾನ್ಸ್ ಆಸ್ಪತ್ರೆಯೇ ಇರುವುದರಿಂದ ಇಲ್ಲಿನವರಿಗೆ ತಜ್ಞರು ದೂರವಿಲ್ಲ. ಕೇಳುವವರು ಬೇಕು.

ನಿಯಮಗಳು ಏನು ಹೇಳುತ್ತವೆ?

2015ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆ ಕೈದಿಗಳ ಕುರಿತಾದ ನಿಯಮಗಳನ್ನು ಹೊಸದಾಗಿ ಒಪ್ಪಿಕೊಂಡು ಅವಕ್ಕೆ "ಮಂಡೇಲಾ ನಿಯಮಗಳು" ಎಂದು ಹೆಸರಿಟ್ಟಿತು. ಹೊರಗಿನ ಜನರಿಗೆ ಸಿಗುವ ಮಟ್ಟದ ಚಿಕಿತ್ಸೆಯೇ ಕೈದಿಗೂ, ಅದೂ ಉಚಿತವಾಗಿ, ಸಿಗಬೇಕು ಎಂಬುದು ಅದರ ಮುಖ್ಯ ಮಾತು. 2016ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಮಾದರಿ ಕಾರಾಗೃಹ ಕೈಪಿಡಿಯಲ್ಲೂ ಇವು ಇವೆ:

* ಒಳಗೆ ಸೇರಿಸಿಕೊಳ್ಳುವಾಗ ಪ್ರತಿಯೊಬ್ಬರ ವೈದ್ಯಕೀಯ ತಪಾಸಣೆ ಆಗಬೇಕು. ಇರುವ ಕಾಯಿಲೆ, ಮೈಮೇಲಿನ ಗಾಯ ಎಲ್ಲ ದಾಖಲಾಗಬೇಕು.
* 300 ಕೈದಿಗಳಿಗೆ ಒಬ್ಬ ವೈದ್ಯರಾದರೂ ಇರಬೇಕು.
* ಶುದ್ಧ ನೀರು, ಶೌಚಾಲಯ, ಸ್ನಾನ, ಸರಿಯಾದ ಊಟ ಎಲ್ಲರಿಗೂ ಸಿಗಬೇಕು.
* ಹೆಣ್ಣುಮಕ್ಕಳ ವಿಭಾಗ ಬೇರೆ ಇರಬೇಕು. ಅಲ್ಲಿ ಮಹಿಳಾ ಸಿಬ್ಬಂದಿಯೇ ಇರಬೇಕು. ಝಡ್ತಿ ಮಾಡುವವರೂ ಮಹಿಳೆಯರೇ ಆಗಿರಬೇಕು. ಮುಟ್ಟಿನ ದಿನಗಳಿಗೆ ಪ್ಯಾಡ್ ಕೊಡಬೇಕು.

ಕಾಗದದ ಮೇಲಿನ ನಿಯಮ ಎಲ್ಲಾ ಕಡೆ ಪೂರ್ತಿ ಜಾರಿಯಾಗಿದೆ ಎಂದಲ್ಲ. ವೈದ್ಯರ ಹುದ್ದೆ ಖಾಲಿ ಇರುವುದು ದೇಶದ ಎಷ್ಟೋ ಜೈಲುಗಳ ಕಥೆ. ಆದರೆ ನಿಯಮ ಗೊತ್ತಿದ್ದರೆ "ದಯಮಾಡಿ" ಎಂದು ಬೇಡುವ ಬದಲು "ಇದು ಕೊಡಬೇಕಾದದ್ದು" ಎಂದು ಕೇಳಬಹುದು.

ತಾಯಂದಿರು ಮತ್ತು ಎಳೆಯ ಮಕ್ಕಳು

2022ರ ಕೊನೆಗೆ ದೇಶದ ಜೈಲುಗಳಲ್ಲಿ 23,772 ಮಹಿಳೆಯರಿದ್ದರು. ಅವರಲ್ಲಿ 1,537 ತಾಯಂದಿರ ಜೊತೆ 1,764 ಮಕ್ಕಳಿದ್ದರು. ಯಾವ ತಪ್ಪೂ ಮಾಡದ ಕೂಸುಗಳು ಇವು.

ಈ ಮಕ್ಕಳ ಸಲುವಾಗಿ 2006ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಆರ್.ಡಿ. ಉಪಾಧ್ಯಾಯ ಕೇಸಿನಲ್ಲಿ ಸ್ಪಷ್ಟ ಆದೇಶ ಕೊಟ್ಟಿದೆ. ಆರು ವರ್ಷದವರೆಗೆ ಮಗು ತಾಯಿಯ ಹತ್ತಿರ ಇರಬಹುದು. ಮಗುವಿಗೆ ಕೈದಿಯ ಊಟವಲ್ಲ, ಅದರ ವಯಸ್ಸಿಗೆ ತಕ್ಕ ಊಟ, ಹಾಲು, ಚುಚ್ಚುಮದ್ದು, ಆಟ-ಪಾಠ ಸಿಗಬೇಕು. ಗರ್ಭಿಣಿಯ ಹೆರಿಗೆ ಆದಷ್ಟು ಮಟ್ಟಿಗೆ ಹೊರಗಿನ ಆಸ್ಪತ್ರೆಯಲ್ಲೇ ಆಗಬೇಕು. ಒಂದು ವೇಳೆ ಒಳಗೇ ಹೆರಿಗೆಯಾದರೂ ಜನನ ಪ್ರಮಾಣ ಪತ್ರದಲ್ಲಿ ಹುಟ್ಟಿದ ಸ್ಥಳ "ಜೈಲು" ಎಂದು ಬರೆಯುವಂತಿಲ್ಲ. ಆ ಬಡಾವಣೆಯ ವಿಳಾಸ ಮಾತ್ರ ಬರೆಯಬೇಕು. ಮುಂದೆ ಶಾಲೆಗೆ ಸೇರಿಸುವಾಗ ಮಗು ತಲೆ ತಗ್ಗಿಸಬಾರದು ಎಂಬುದೇ ಇದರ ಉದ್ದೇಶ. ಆರು ವರ್ಷ ತುಂಬಿದ ಮೇಲೆ ತಾಯಿಯ ಇಷ್ಟ ಕೇಳಿ ಸಂಬಂಧಿಕರ ಹತ್ತಿರ ಅಥವಾ ಮಕ್ಕಳ ಮನೆಯಲ್ಲಿ ಬಿಡಬೇಕು, ತಾಯಿಯನ್ನು ನೋಡಲು ಕರೆತರಬೇಕು.

ಎಲ್ಲರಿಗೂ ಒಂದೇ ನ್ಯಾಯವೇ?

2017ರ ಜುಲೈನಲ್ಲಿ ಆಗ ಕಾರಾಗೃಹ ಇಲಾಖೆಯ ಡಿ.ಐ.ಜಿ. ಆಗಿದ್ದ ಡಿ. ರೂಪಾ ಅವರು ಪರಪ್ಪನ ಅಗ್ರಹಾರ ಜೈಲಿನಲ್ಲಿ ಪ್ರಭಾವಿ ಕೈದಿಗಳಿಗೆ ವಿಶೇಷ ಸೌಲಭ್ಯ ಸಿಗುತ್ತಿದೆ ಎಂದು ವರದಿ ಕೊಟ್ಟಾಗ ರಾಜ್ಯವೆಲ್ಲ ಮಾತಾಡಿತು. 2024ರ ಆಗಸ್ಟ್‌ನಲ್ಲಿ ಅದೇ ಜೈಲಿನ ಅಂಗಳದಲ್ಲಿ ಒಬ್ಬ ಸಿನಿಮಾ ನಟ ಕುರ್ಚಿ ಹಾಕಿಕೊಂಡು ಕುಳಿತ ಫೋಟೋ ಹೊರಬಿದ್ದು ಹಲವು ಸಿಬ್ಬಂದಿ ಅಮಾನತಾದರು. ಬಡವನಿಗೆ ಜ್ವರದ ಗುಳಿಗೆಗೂ ಕಾಯಬೇಕಾದ ಕಡೆ ಇನ್ನೊಬ್ಬರಿಗೆ ಕುರ್ಚಿ ಸಿಗುವುದಾದರೆ ಅದು ನ್ಯಾಯವಲ್ಲ.

ಜಾತಿಯ ಭೇದವೂ ಜೈಲಿನೊಳಗೆ ಇತ್ತು. ಹಲವು ರಾಜ್ಯಗಳ ಜೈಲು ಕೈಪಿಡಿಗಳಲ್ಲೇ ಇಂಥ ಜಾತಿಯವರು ಅಡುಗೆ ಮಾಡಬೇಕು, ಇಂಥವರು ಕಕ್ಕಸು ಬಳಿಯಬೇಕು, ಇಂಥ ಬುಡಕಟ್ಟಿನವರ ಮೇಲೆ ಹೆಚ್ಚು ಕಣ್ಣಿಡಬೇಕು ಎಂಬರ್ಥದ ಮಾತುಗಳಿದ್ದವು. 2024ರ ಅಕ್ಟೋಬರ್ 3ರಂದು ಸುಪ್ರೀಂ ಕೋರ್ಟು ಇವೆಲ್ಲ ಸಂವಿಧಾನಕ್ಕೆ ವಿರುದ್ಧ ಎಂದು ತೀರ್ಪು ಕೊಟ್ಟು, ತೆಗೆದುಹಾಕಲು ಎಲ್ಲ ರಾಜ್ಯಗಳಿಗೆ ಹೇಳಿತು.

ಈ ತೀರ್ಪು ಹುಬ್ಬಳ್ಳಿಯವರಾದ ನಮಗೆ ಇನ್ನೂ ಹತ್ತಿರದ್ದು. ನಮ್ಮ ಊರಿನ "ಸೆಟ್ಲ್‌ಮೆಂಟ್" ಭಾಗಕ್ಕೆ ಆ ಹೆಸರು ಬಂದದ್ದೇ ಬ್ರಿಟಿಷರ ಕಾಲದಲ್ಲಿ. 1871ರಿಂದ ಬಂದ ಅಪರಾಧಿ ಬುಡಕಟ್ಟು ಕಾಯ್ದೆಯ ಹೆಸರಿನಲ್ಲಿ ಕೆಲವು ಸಮುದಾಯಗಳನ್ನು ಹುಟ್ಟಿನಿಂದಲೇ ಕಳ್ಳರು ಎಂದು ಬರೆದು ಇಂಥ ಕಡೆ ಕಾವಲಿನಲ್ಲಿ ಇಟ್ಟಿದ್ದರು. 1952ರಲ್ಲಿ ಆ ಕಾಯ್ದೆ ರದ್ದಾಯಿತು. ಆದರೂ ಜೈಲಿನ ಪುಸ್ತಕಗಳಲ್ಲಿ ಅದರ ವಾಸನೆ 70 ವರ್ಷ ಉಳಿದಿತ್ತು. ಹುಟ್ಟಿನಿಂದ ಯಾರೂ ಅಪರಾಧಿಯಲ್ಲ ಎಂಬುದನ್ನು ನಾವೂ ನಮ್ಮ ಮಾತಿನಲ್ಲಿ ಪಾಲಿಸಬೇಕು.

ಮನೆಯವರು ಮಾಡಬೇಕಾದ ಕೆಲಸ

ಸಂಘದ ಒಬ್ಬ ಅಕ್ಕನ ಗಂಡನನ್ನು ಪೊಲೀಸರು ಹಿಡಿದುಕೊಂಡು ಹೋದರು ಅಂತ ತಿಳಕೊಳ್ರಿ. ಅವರಿಗೆ ಸಕ್ಕರೆ ಕಾಯಿಲೆ, ದಿನಾ ಎರಡು ಗುಳಿಗೆ. ಅಕ್ಕ ಅಳುತ್ತ ಕೂಡ್ರುವ ಬದಲು ಈ ಕೆಲಸ ಮಾಡಬೇಕು:

1. ಡಾಕ್ಟರ ಚೀಟಿ, ಗುಳಿಗೆಯ ಹೆಸರು, ಹಳೇ ರಿಪೋರ್ಟು ಎಲ್ಲದರ ಝೆರಾಕ್ಸ್ ಮಾಡಿಸಬೇಕು. ಮೂಲ ಪ್ರತಿ ಮನೆಯಲ್ಲೇ ಇರಲಿ.

2. ಬಂಧಿಸಿದ ಮೇಲೆ ವೈದ್ಯಕೀಯ ತಪಾಸಣೆ ಆಗಬೇಕು, ಅದರ ಪ್ರತಿಯನ್ನು ಬಂಧಿತರಿಗೆ ಅಥವಾ ಅವರು ಹೇಳಿದವರಿಗೆ ಕೊಡಬೇಕು. ಹೆಣ್ಣುಮಗಳಾದರೆ ಮಹಿಳಾ ವೈದ್ಯರೇ ತಪಾಸಣೆ ಮಾಡಬೇಕು. 24 ತಾಸಿನೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರು ಮಾಡಬೇಕು. ಕಾಯಿಲೆ ಇದೆ, ಹೊಡೆದಿದ್ದಾರೆ ಎಂಬ ಮಾತಿದ್ದರೆ ಅಲ್ಲೇ ಹೇಳಬೇಕು.

3. ಜೈಲಿನ ಅಧೀಕ್ಷಕರಿಗೂ ವೈದ್ಯಾಧಿಕಾರಿಗೂ ಒಂದು ಅರ್ಜಿ ಬರೆದು ಚೀಟಿಯ ಪ್ರತಿ ಸೇರಿಸಿ ಕೊಡಬೇಕು. ಇನ್ನೊಂದು ಪ್ರತಿಯ ಮೇಲೆ ಸೀಲು, ಸಹಿ ತೆಗೆದುಕೊಳ್ಳಬೇಕು. ಗುಳಿಗೆಯನ್ನು ಮುಚ್ಚಿಟ್ಟು ಒಳಗೆ ಕೊಡಲು ಹೋಗಬಾರದು. ಅದು ಇನ್ನೊಂದು ಕೇಸಿಗೆ ದಾರಿ.

4. ವಕೀಲರಿಗೆ ಹಣ ಇಲ್ಲವೆಂದು ಸುಮ್ಮನಿರಬಾರದು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ ಜೈಲಿನಲ್ಲಿರುವವರಿಗೆ, ಎಲ್ಲ ಮಹಿಳೆಯರಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ ಉಚಿತ ವಕೀಲರು ಸಿಗುತ್ತಾರೆ. ಇವರಿಗೆ ಆದಾಯದ ಮಿತಿ ಇಲ್ಲ. ಉಚಿತ ಸಹಾಯವಾಣಿ 15100.

5. ಚಿಕಿತ್ಸೆ ಸಿಗದಿದ್ದರೆ ಕೇಸು ನಡೆಯುವ ಕೋರ್ಟಿಗೇ ವಕೀಲರ ಮೂಲಕ ಅರ್ಜಿ ಹಾಕಬಹುದು. ಆಸ್ಪತ್ರೆಗೆ ಕಳಿಸಿ ವರದಿ ಕೊಡಿ ಎಂದು ನ್ಯಾಯಾಧೀಶರು ಆದೇಶಿಸಬಹುದು. ಹೆಣ್ಣುಮಕ್ಕಳಿಗೆ, ಗಂಭೀರ ಕಾಯಿಲೆ ಇದ್ದವರಿಗೆ ಜಾಮೀನು ಕೊಡುವಾಗ ವಿಶೇಷವಾಗಿ ಪರಿಗಣಿಸಲು ಕಾನೂನಿನಲ್ಲಿ ಅವಕಾಶ ಇದೆ. ರಾಜ್ಯ ಮಾನವ ಹಕ್ಕುಗಳ ಆಯೋಗಕ್ಕೂ ಬಿಳಿ ಹಾಳೆಯ ಮೇಲೆ ದೂರು ಬರೆಯಬಹುದು.

6. ಒಳಗಿದ್ದು ಎಷ್ಟು ದಿನವಾಯಿತು ಎಂಬ ಲೆಕ್ಕ ಇಡಬೇಕು. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಕಾನೂನಿನಂತೆ, ಮೊದಲ ಸಲ ಕೇಸಾದವರು ಆ ಅಪರಾಧದ ಗರಿಷ್ಠ ಶಿಕ್ಷೆಯ ಮೂರರಲ್ಲಿ ಒಂದು ಭಾಗ, ಉಳಿದವರು ಅರ್ಧ ಭಾಗ ಕಳೆದಿದ್ದರೆ ಜಾಮೀನಿಗೆ ಅರ್ಹರು. ಗಲ್ಲು, ಜೀವಾವಧಿ ಶಿಕ್ಷೆಯ ಅಪರಾಧಗಳಿಗೂ, ಒಂದಕ್ಕಿಂತ ಹೆಚ್ಚು ಕೇಸು ಇದ್ದವರಿಗೂ ಇದು ಅನ್ವಯಿಸದು.

7. ಜಾಮೀನು ಸಿಕ್ಕರೂ ಹಣವಿಲ್ಲದಿದ್ದರೆ ಬಡ ಕೈದಿಗಳ ನೆರವಿನ ಯೋಜನೆಯ ಬಗ್ಗೆ ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೇಳಬೇಕು. 2023ರಲ್ಲಿ ಕೇಂದ್ರ ಸರ್ಕಾರ ಇದನ್ನು ತಂದಾಗ ವಿಚಾರಣಾಧೀನರಿಗೆ 40,000 ರೂಪಾಯಿವರೆಗೆ, ದಂಡ ಕಟ್ಟಲಾಗದ ಸಜಾ ಕೈದಿಗಳಿಗೆ 25,000 ರೂಪಾಯಿವರೆಗೆ ನೆರವು ಎಂದು ಹೇಳಿತ್ತು.

ಹೊರಗೆ ಬಂದ ಮೇಲೆ

ಕ್ಷಯಕ್ಕೆ ಸಾಮಾನ್ಯವಾಗಿ ಆರು ತಿಂಗಳು ಔಷಧ ತೆಗೆದುಕೊಳ್ಳಬೇಕು. ಮೂರನೇ ತಿಂಗಳಿಗೆ ಬಿಡುಗಡೆ ಆಯಿತು, ಖುಷಿಯಲ್ಲಿ ಗುಳಿಗೆ ಮರೆತರು ಎಂದರೆ ರೋಗ ಮತ್ತೆ ಏಳುತ್ತದೆ. ಆಗ ಮೊದಲಿನ ಔಷಧಕ್ಕೆ ಅದು ಬಗ್ಗದಿರಬಹುದು. ಆದ್ದರಿಂದ ಬಿಡುಗಡೆಯ ದಿನವೇ ಚಿಕಿತ್ಸೆಯ ಕಾರ್ಡು ಕೇಳಿ ಪಡೆದು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ, ಧಾರವಾಡದ ಜಿಲ್ಲಾ ಆಸ್ಪತ್ರೆಗೋ, ನಾವು ಕಿಮ್ಸ್ ಎಂದು ಕರೆಯುವ ಹುಬ್ಬಳ್ಳಿಯ ದೊಡ್ಡ ದವಾಖಾನೆಗೋ ಹೋಗಬೇಕು. ಔಷಧ ಉಚಿತ. ಪೌಷ್ಟಿಕ ಆಹಾರಕ್ಕೆಂದು ತಿಂಗಳಿಗೆ 500 ರೂಪಾಯಿ ಇದ್ದ ಸಹಾಯಧನ 2024ರ ನವೆಂಬರ್‌ನಿಂದ 1,000 ಆಗಿದೆ. ಮನೆಯಲ್ಲಿ ಯಾರಿಗಾದರೂ ಎರಡು ವಾರ ಮೀರಿ ಕೆಮ್ಮು, ಸಂಜೆ ಜ್ವರ, ತೂಕ ಇಳಿಯುವುದು ಇದ್ದರೆ ಅವರದೂ ಕಫ ಪರೀಕ್ಷೆ ಮಾಡಿಸಬೇಕು.

ಔಷಧದಷ್ಟೇ ಮುಖ್ಯವಾದದ್ದು ಬಾಗಿಲು ತೆರೆದಿರುವುದು. ಇದಕ್ಕೆ ಹುಬ್ಬಳ್ಳಿಯಲ್ಲೇ ಒಂದು ದೊಡ್ಡ ಮಾದರಿ ಇದೆ. ಸ್ವಾತಂತ್ರ್ಯ ಹೋರಾಟಗಾರ್ತಿ ಉಮಾಬಾಯಿ ಕುಂದಾಪುರ ಅವರು ಇಲ್ಲಿ ಭಗಿನಿ ಮಂಡಳದ ಮೂಲಕ ಹೆಣ್ಣುಮಕ್ಕಳನ್ನು ಸಂಘಟಿಸಿದವರು. 1932ರಲ್ಲಿ ನಾಲ್ಕು ತಿಂಗಳು ಯರವಡಾ ಜೈಲಿನಲ್ಲಿದ್ದರು. ಬಿಡುಗಡೆಯಾಗಿ ಬಂದಾಗ, ಚಳವಳಿಯಲ್ಲಿ ಜೈಲಿಗೆ ಹೋಗಿ ಬಂದ ಎಷ್ಟೋ ಹೆಣ್ಣುಮಕ್ಕಳನ್ನು ಅವರ ಮನೆಯವರೇ ಒಳಗೆ ಕರೆಯದಿದ್ದದ್ದು ಕಂಡಿತು. ಉಮಾಬಾಯಿ ಅವರಿಗೆ ತಮ್ಮ ಸಣ್ಣ ಮನೆಯಲ್ಲೇ ಜಾಗ ಕೊಟ್ಟರು. ದೇಶಕ್ಕಾಗಿ ಜೈಲಿಗೆ ಹೋದವರಿಗೇ ಆ ಪರಿಸ್ಥಿತಿ ಎಂದಮೇಲೆ ಇಂದಿನ ಬಡ ಹೆಣ್ಣುಮಗಳ ಗತಿ ಏನೆಂದು ಯೋಚಿಸ್ರಿ.

ನಮ್ಮ ಸಂಘ ದೊಡ್ಡ ಕೆಲಸ ಮಾಡಬೇಕೆಂದಿಲ್ಲ. ಮನೆಯವರು ಜೈಲಿನಲ್ಲಿರುವ ಸದಸ್ಯೆಯನ್ನು ಮನೆಗೆ ಹೋಗಿ ಕರೆತರುವುದು, ಕಂತಿಗೆ ಸ್ವಲ್ಪ ಸಮಯ ಕೊಡುವುದು, ಅರ್ಜಿ ಬರೆಯಲು ಬಾರದಿದ್ದರೆ ಬರೆದುಕೊಡುವುದು, ಕೋರ್ಟಿಗೆ ಹೋಗುವ ದಿನ ಒಬ್ಬರು ಜೊತೆಗೆ ಹೋಗುವುದು, ಆಕೆಯ ಮಕ್ಕಳನ್ನು ಯಾರೂ ಅಣಕಿಸದಂತೆ ನೋಡಿಕೊಳ್ಳುವುದು. ಇಷ್ಟು ಮಾಡಿದರೆ ಒಂದು ಸಂಸಾರ ಮುಳುಗದೆ ಉಳಿಯುತ್ತದೆ.

ಮುಂದಿನ ಸಭೆಯಲ್ಲಿ ಚರ್ಚಿಸಿರಿ

1. ಮನೆಯವರು ಜೈಲಿಗೆ ಹೋದ ಕಾರಣಕ್ಕೆ ಸಭೆಗೆ ಬರುವುದು ಬಿಟ್ಟ ಸದಸ್ಯೆ ನಮ್ಮ ಸಂಘದಲ್ಲಿ ಇದ್ದಾರೆಯೇ? ಅವರನ್ನು ಕರೆತರಲು ಯಾರು ಹೋಗುತ್ತೀರಿ?
2. 15100 ಈ ನಂಬರನ್ನು ಎಲ್ಲ ಸದಸ್ಯೆಯರೂ ಪಾಸ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದುಕೊಂಡಿದ್ದೀರಾ?
3. ಮನೆಯಲ್ಲಿ ದಿನಾ ಗುಳಿಗೆ ತೆಗೆದುಕೊಳ್ಳುವವರ ಚೀಟಿಗಳ ಝೆರಾಕ್ಸ್ ಒಂದು ಕಡೆ ಇದೆಯೇ?
4. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದವರನ್ನು ನಮ್ಮ ಒಕ್ಕೂಟದ ಸಭೆಗೆ ಕರೆಸಿ ಈ ಬಗ್ಗೆ ಇನ್ನಷ್ಟು ಕೇಳೋಣವೇ?